ಹುಲ್ಲುಗುರುತು

ಬುಧವಾರ, ಮಧ್ಯಾಹ್ನ ಮೂರು ಗಂಟೆ
ನಕ್ಷೆ ಕಚೇರಿಯ ಮೇಲಿನ ಮಹಡಿಯಿಂದ

ಪ್ರೀತಿಯ ಅಕ್ಕಾ,

ಫೋನು ಮಾಡೋಣವೆಂದು ಮೂರು ಸಲ ನಂಬರು ಒತ್ತಿ ಮೂರು ಸಲವೂ ಇಟ್ಟುಬಿಟ್ಟೆ. ಕೊನೆಗೆ ಕಾಗದ ಹಿಡಿದೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದ್ದರೆ ಬೈಯಬೇಡ, ಅವಸರದಲ್ಲಿ ಗೀಚುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಸೋಮವಾರ ಹೊಸ ಮನೆಗೆ ಸಾಮಾನು ತರಬೇಡ. ಭಾವನಿಗೆ ಹೇಳಿ ಲಾರಿ ನಿಲ್ಲಿಸು.

ನಿಮ್ಮ ಬೀದಿಯ ಕೊನೆಯ ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂದು ದೂರು ಬಂದಿತ್ತು. ಇವತ್ತು ಬೆಳಿಗ್ಗೆ ನೆಲ ಕೊರೆಯುವವರ ಜತೆ ನಾನೇ ಹೋಗಿದ್ದೆ. ಹೇಗೂ ಬಂದಿದ್ದೀರಲ್ಲ, ನಮ್ಮಕ್ಕನ ಅಡುಗೆಮನೆಯ ಹಿಂದೆಯೂ ಒಂದು ತೂತು ಕೊರೆಯಿರಿ ಎಂದೆ. ನಿನ್ನ ನೆಲ ಎಷ್ಟು ಗಟ್ಟಿ ಎಂದು ನಿನಗೆ ಹೇಳಿ ಜಂಬ ಕೊಚ್ಚಿಕೊಳ್ಳುವ ಆಸೆ ನನಗೆ. ಮೂರಡಿ ಕೆಮ್ಮಣ್ಣು ದಾಟಿದ್ದೇ ತಡ, ಯಾರೂ ಒತ್ತದೆ ಕೊಳವೆ ತಾನಾಗಿ ಇಳಿಯತೊಡಗಿತು. ‘ಹಿಡ್ಕೊಳ್ರೋ, ಕೆಳಗೆ ಏನೂ ಇಲ್ಲ!’ ಎಂದು ಮೇಸ್ತ್ರಿ ಕೂಗಿಕೊಂಡ. ಹದಿನೆಂಟು ಅಡಿ ಬರೀ ಕಪ್ಪು ಕೆಸರು. ಕೊನೆಗೆ ಕೊಳವೆಯ ಬಾಯಲ್ಲಿ ಬಂದದ್ದು ಮರದ ಚೂರು, ಅದರಲ್ಲೊಂದು ತಾಮ್ರದ ಮೊಳೆ. ದೋಣಿಯ ಹಲಗೆ ಅಕ್ಕಾ, ದೋಣಿಯದು!

ನಮ್ಮ ಹೊಳೆಯ ಸ್ವಭಾವ ನಿನಗೆ ಗೊತ್ತಲ್ಲ. ಇಪ್ಪತ್ತು ಮೈಲಿ ಬಯಲಲ್ಲಿ ಹರಿದರೂ ಒಂದಾಳೆತ್ತರವೂ ಇಳಿಯುವುದಿಲ್ಲ. ಉಬ್ಬರ ಬಂದರೆ ದಿನಕ್ಕೆರಡು ಸಲ ಹಿಂದಕ್ಕೇ ಹರಿಯುತ್ತದೆ. ಸಮುದ್ರಕ್ಕೆ ಹೋಗಲು ಮನಸ್ಸಿಲ್ಲದ ಸೋಮಾರಿ ಎಂದು ಅಪ್ಪ ನಗುತ್ತಿದ್ದರು. ಈಗ ಕಚೇರಿಯ ಹಳೆಯ ಕಡತ ಕೆದಕಿದೆ. ನೂರಮೂವತ್ತು ವರ್ಷದ ಹಿಂದೆ ಒಂದು ಚಂಡಮಾರುತ ಮರಳು ತಂದು, ಹೊಳೆ ಸಮುದ್ರ ಸೇರುವ ಅಳಿವೆಯನ್ನೇ ಮುಚ್ಚಿಹಾಕಿತಂತೆ. ಹೊಳೆ ದಕ್ಷಿಣಕ್ಕೆ ಹೊರಳಿ ಬೇರೆ ದಾರಿ ಮಾಡಿಕೊಂಡಿತು. ಮರದ ದಿಮ್ಮಿ ತುಂಬಿದ ದೋಣಿಗಳು ನಿಲ್ಲುತ್ತಿದ್ದ ಹಳೆಯ ಪಾತ್ರ ಹೂತು ಜೌಗಾಯಿತು. ಅದರ ಮೇಲೆಯೇ ನಿಮ್ಮ ಬೀದಿ. ಮಣ್ಣು ಸುರಿದು ತಟ್ಟಿದ್ದಾರೆ, ಅಷ್ಟೆ. ಮಧ್ಯಾಹ್ನದ ಉಬ್ಬರಕ್ಕೆ ಆ ತೂತಿನಲ್ಲಿ ನೀರು ಒಂದು ಗೇಣು ಏರಿದ್ದನ್ನು ಕಣ್ಣಾರೆ ಕಂಡೆ.

ಅಪ್ಪ ನಿಮ್ಮ ಕಚೇರಿಗೆ ಬರೆದ ನಕ್ಷೆಯಲ್ಲಿ ಗಟ್ಟಿ ನೆಲ ಅಂತಿದೆ, ಇನ್ನೇನು ಬೇಕು ಎಂದು ನೀನು ಆ ಜಾಗ ಆರಿಸಿದಾಗ ನಾನೂ ತಲೆಯಾಡಿಸಿದ್ದೆ. ಹಾಳೆಯಲ್ಲಿ ಸುತ್ತಲೂ ಜೌಗಿನ ಹುಲ್ಲುಗುರುತಿದೆ: ಒಂದು ಅಡ್ಡಗೆರೆ, ಅದರ ಮೇಲೆ ಮೂರು ಪುಟ್ಟ ನೆಟ್ಟಗೆರೆ. ನಿಮ್ಮ ಬೀದಿಯ ಚೌಕ ಮಾತ್ರ ಖಾಲಿ. ಖಾಲಿ ಎಂದರೆ ಗಟ್ಟಿ ನೆಲ. ಬಡಾವಣೆ ಮಾಡಿದವರೂ ಅದನ್ನೇ ನಂಬಿದರು. ಅಪ್ಪನೋ, ಒಂದು ಗೆರೆ ಡೊಂಕಾದರೆ ಇಡೀ ಹಾಳೆ ಹರಿದುಹಾಕುತ್ತಿದ್ದ ಮನುಷ್ಯ! ಕಣ್ಣು ಮಂಜಾಗಿತ್ತೇನೋ, ದಣಿದಿದ್ದರೇನೋ. ಬೈಯಬೇಕೆನಿಸಿದರೆ ಬೈದುಬಿಡು, ಅವರಿಗೆ ಈಗ ಕೇಳಿಸುವುದಿಲ್ಲ. ಆ ಮನೆಗೆ ಮಾತ್ರ ಕಾಲಿಡಬೇಡ.

ಎಲ್ಲರೂ ನನ್ನ ಎರಡು ಕೋಣೆಗೆ ಬನ್ನಿ. ಭಾವನ ಗೊರಕೆಗೆ ನಾನು ಹೇಗೋ ಹೊಂದಿಕೊಳ್ಳುತ್ತೇನೆ.

ನಿನ್ನ
ಗಿಡ್ಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದ್ದು. ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಆ ನಕ್ಷೆ ಬರೆಯುತ್ತಿದ್ದ ಬೇಸಿಗೆಯಲ್ಲಿ ಅಪ್ಪ ಊಟದ ಮೇಜಿನ ಮೇಲೆ ಹಾಳೆ ಹರಡಿ ಹುಲ್ಲುಗುರುತು ಹಾಕುವ ಕೆಲಸ ನನಗೆ ಕೊಟ್ಟಿದ್ದರು. ನೀನು ಹೊಸ ಸೈಕಲ್ ತಂದು, ‘ಗಿಡ್ಡೀ, ಬಾರೇ, ಒಂದು ರೌಂಡು ಹೋಗೋಣ’ ಎಂದು ಕಿಟಕಿಯಲ್ಲಿ ಕೂಗಿದೆ. ಪೆನ್ನು ಬಿಟ್ಟು ಓಡಿದೆ. ವಾಪಸು ಬಂದವಳು ಆ ಚೌಕ ಮರೆತು ಪಕ್ಕದ ಚೌಕದಿಂದ ಶುರುಮಾಡಿದೆ. ನಾನು ಎಲ್ಲವನ್ನೂ ಹಾಕಿದ್ದೇನೆಂಬ ನಂಬಿಕೆಯಿಂದ ಅಪ್ಪ ತಿರುಗಿ ನೋಡದೆ ಸಹಿ ಮಾಡಿದರು. ಇವತ್ತಿನವರೆಗೆ ನನಗೆ ಇದು ನೆನಪೇ ಇರಲಿಲ್ಲ. ಮೂಲ ಹಾಳೆ ಈಗ ನನ್ನೆದುರಿಗಿದೆ. ಖಾಲಿ ಚೌಕದ ಅಂಚಿನ ಕೊನೆಯ ಹುಲ್ಲಿಗೆ ಎರಡೇ ನೆಟ್ಟಗೆರೆ, ಮೂರನೆಯದಿಲ್ಲ.