ಹನ್ನೊಂದಕ್ಕೆ ಕಾರು ಒಯ್ಯೋಕೆ ಬರ್ತಾರೆ

ರೀ,

ನಮ್ಮ ಕಾರು ಕೊಂಡ ಹಲ್ಲಿನ ಡಾಕ್ಟರು ಹನ್ನೊಂದಕ್ಕೆ ಬಂದು ಅದನ್ನ ತಗೊಂಡು ಹೋಗ್ತಾರೆ. ನಾನು ಮನೇಲಿರಲ್ಲ. ಇರಬೇಕು ಅಂತ ಬೆಳಿಗ್ಗೆಯಿಂದ ಮನಸ್ಸು ಗಟ್ಟಿ ಮಾಡ್ಕೊಂಡೆ, ಆಗಲಿಲ್ಲ.

ಕೀ ಫ್ರಿಜ್ ಮೇಲಿದೆ. ಕಾರು ಒರೆಸಿಟ್ಟಿದ್ದೀನಿ, ನೀವು ಮತ್ತೆ ಒದ್ದೆ ಬಟ್ಟೆ ಹಾಕಿ ಉಜ್ಜಬೇಡಿ. ಎಡಗಡೆ ಬಾಗಿಲನ್ನ ಸ್ವಲ್ಪ ಎತ್ತಿ ಹಾಕಬೇಕು ಅಂತ ಅವರಿಗೆ ಹೇಳಿ. ಇಂಜಿನ್ ತಣ್ಣಗಿದ್ದಾಗ ಚೋಕ್ ಎಳೆದು ಸ್ಟಾರ್ಟ್ ಮಾಡ್ಲಿ, ಆಕ್ಸಿಲರೇಟರ್ ತುಳಿಯೋದು ಬೇಡ. ಮೂವತ್ತು ವರ್ಷ ನಾನು ಓಡಿಸ್ತಿದ್ದರೆ ಪಕ್ಕದಲ್ಲಿ ಕೂತು ಗೊರಕೆ ಹೊಡೆದವರು ನೀವು, ಅದಕ್ಕೇ ಇಷ್ಟೆಲ್ಲ ಬರೀಬೇಕಾಯ್ತು.

ಯಾಕೆ ಮಾರ್ತಿದ್ದೀರಿ ಅಂತ ಕೇಳಿದರೆ ನನ್ನ ಮೊಣಕಾಲಿನ ವಿಷಯ ಎತ್ತಬೇಡಿ. ಹಳೇ ಸ್ಪೋರ್ಟ್ಸ್ ಕಾರು ಇಡೋಕೆ ಜಾಗ ಸಾಲಲ್ಲ ಅಂದುಬಿಡಿ. ಮೊನ್ನೆ ಸೇತುವೆ ಏರಲ್ಲಿ ಕ್ಲಚ್ ತುಳಿಯೋಕೆ ಕಾಲೇ ಬರದೆ, ಕಾರು ಆಫ್ ಆಗಿ ಹಿಂದಕ್ಕೆ ಜಾರಿತಲ್ಲ, ಹಿಂದೆ ಸ್ಕೂಲ್ ವ್ಯಾನ್ ಇತ್ತು. ಕನ್ನಡಿಯಲ್ಲಿ ಆ ಮಕ್ಕಳ ಮುಖ ನೋಡಿದ ಮೇಲೆ ನನ್ನ ಹಟ ನಡೀಲಿಲ್ಲ. ನೀವು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಇಟ್ಕೊಳ್ತಿದ್ದೆನೇನೋ.

ತಿರುವಿನ ಟೈಲರ್ ಅಂಗಡೀಲಿ ಕೂತಿರ್ತೀನಿ. ಕಾರು ಆ ದಾರೀಲೇ ಹೋಗಬೇಕು. ನಾನು ತಲೆ ಎತ್ತಿ ನೋಡಲ್ಲ, ಸದ್ದು ಕೇಳಿದರೆ ಸಾಕು, ಗೊತ್ತಾಗುತ್ತೆ. ಗೇರ್ ಹಾಕೋಕೆ ಅವರು ತಡವರಿಸಿದರೂ ಹೀಗಲ್ಲ ಹಾಗೆ ಅಂತ ಎದ್ದು ಹೋಗಿ ಹೇಳೋ ಹಾಗಿಲ್ಲ ಇನ್ನು.

ಸದ್ದು ದೂರ ಹೋದಮೇಲೆ ಮನೆಗೆ ಬರ್ತೀನಿ. ಅನ್ನಕ್ಕಿಡಿ. ಏನೂ ಕೇಳಬೇಡಿ. ಶೆಡ್ಡಿನ ಬಾಗಿಲು ಮಾತ್ರ ಹಾಕಿಬಿಡಿ, ನಾನು ಬರೋ ಹೊತ್ತಿಗೆ ತೆರೆದಿರೋದು ಬೇಡ.