ಒಂಬತ್ತೂವರೆ ಇಂಚಿನ ಅಪರಾಧ

ಕರಾವಳಿ ಕಾಲುದಾರಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಒಂದು ನೀರುನಾಯಿ ನಮ್ಮ ಪಕ್ಕ ಬಂದು ಕೂತಿತೆಂಬ ಕಾರಣಕ್ಕೆ ನನ್ನ ಮತ್ತು ನನ್ನ ಅಣ್ಣನ ನಡಿಗೆ ಪರವಾನಗಿಯನ್ನು ತಾವು ಒಂದು ವರ್ಷದ ಮಟ್ಟಿಗೆ ರದ್ದು ಮಾಡಿದ್ದೀರಿ. ನೀರುನಾಯಿಯ ಮೇಲೆ ಏನು ಕ್ರಮ ಕೈಗೊಂಡಿರೋ ತಿಳಿಯದು. ಅದು ಈಗಲೂ ಪರವಾನಗಿಯಿಲ್ಲದೆ ತಮ್ಮ ಕಡಲತೀರದಲ್ಲಿ ರಾಜಾರೋಷವಾಗಿ ಓಡಾಡಿಕೊಂಡಿದೆ. ಎರಡು ಸಲ ಮನವಿ ಬರೆದೆ. ಉತ್ತರ ಬಂತು, ನ್ಯಾಯ ಬರಲಿಲ್ಲ. ಆದ್ದರಿಂದ ಮೂರನೆಯ ಮನವಿಯನ್ನು ಊರೆಲ್ಲ ಓದಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ದರ್ಜಿ. ಅಣ್ಣ ಬೋರ್ಡು ಬರೆಯುವವನು. ಏಳು ವರ್ಷಗಳಿಂದ, ವರ್ಷಕ್ಕೊಂದು ವಾರ ಇಬ್ಬರೂ ಅಂಗಡಿಗೆ ಬೀಗ ಹಾಕಿ, ಬೆನ್ನಿಗೆ ಚೀಲ ಏರಿಸಿ, ತಮ್ಮ ಕಚೇರಿಯ ಈ ಉದ್ದನೆಯ ದಾರಿಯನ್ನು ತುಂಡು ತುಂಡಾಗಿ ನಡೆಯುತ್ತ ಬಂದಿದ್ದೇವೆ. ಕಡಲಹಕ್ಕಿಗಳು ನಮ್ಮ ಬ್ರೆಡ್ಡು ಕದ್ದಿವೆ, ನರಿಯೊಂದು ಟೆಂಟಿನ ಹಗ್ಗ ಕಡಿದು ಹಾಕಿದೆ, ಪಾಚಿಬಂಡೆಯ ಮೇಲೆ ಜಾರಿ ಸೊಂಟ ಉಳುಕಿಸಿಕೊಂಡ ಅಣ್ಣ ಅಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾನೆ. ಪ್ರಾಣಿಗಳಿಂದ ಮೂವತ್ತು ಮೀಟರ್ ದೂರವಿರಬೇಕೆಂಬ ನಿಯಮ ನಮಗೆ ಗೊತ್ತಿಲ್ಲದ್ದೇನಲ್ಲ. ದಾರಿಯುದ್ದಕ್ಕೂ ತಾವು ನಿಲ್ಲಿಸಿರುವ ಆ ಫಲಕಗಳನ್ನು ಬರೆದವನೇ ಅಣ್ಣ.

ಈ ಸಲ ಮೂರನೆಯ ದಿನ, ಬೆಳಗಿನ ಹತ್ತು ಗಂಟೆ. ನೀರಿನೊಳಕ್ಕೆ ಚಾಚಿಕೊಂಡ ಒಂದು ಚಪ್ಪಟೆ ಬಂಡೆಯ ತುದಿಯಲ್ಲಿ ಕೂತು ಕಾಲು ಒಣಗಿಸಿಕೊಳ್ಳುತ್ತಿದ್ದೆವು. ದಡದ ಕಡೆಯಿಂದ ನೀರುನಾಯಿ ಬಂತು. ನಮ್ಮ ಚೀಲ ಮೂಸಿತು, ಅಣ್ಣನ ಕಾಲ ಬಳಿ ಕೂತು ಮೀಸೆ ಒರೆಸಿಕೊಂಡಿತು. ಮೂರು ಕಡೆ ನೀರು, ನಾಲ್ಕನೆಯ ಕಡೆ ನೀರುನಾಯಿ. ಅಣ್ಣ ಪಿಸುದನಿಯಲ್ಲಿ, "ನಾನು ಬರೆದ ಬೋರ್ಡು ಇದಕ್ಕೆ ಓದೋಕೆ ಬರಲ್ಲ ಕಣೇ" ಎಂದ. ನಾನು ಮಾಡಿದ ತಪ್ಪು ಒಂದೇ. ಕೊರಳಲ್ಲಿ ಸದಾ ನೇತಾಡುವ ಟೇಪನ್ನು ತೆಗೆದು, ಅದರ ಮೂಗಿನಿಂದ ಅಣ್ಣನ ಮೊಣಕಾಲಿಗೆ ಎಷ್ಟಿದೆಯೆಂದು ಅಳೆದೆ. ಒಂಬತ್ತೂವರೆ ಇಂಚು.

ಯಾಕೆ ಅಳೆದೆ? ತಮ್ಮದೇ 'ವನ್ಯಜೀವಿ ಭೇಟಿ ವರದಿ'ಯ ಏಳನೆಯ ಕಾಲಂ ಕೇಳುತ್ತದೆಂದು: ಪ್ರಾಣಿಗೂ ನಡಿಗೆದಾರರಿಗೂ ಇದ್ದ ಅಂತರ. ಸಂಜೆ ಚೌಕಿಯಲ್ಲಿ ಭರ್ತಿ ಮಾಡಿ ಕೊಟ್ಟಾಗ ಕಾವಲುಗಾರ ಓದಿ ಬೆವರಿದ.

"ಅಮ್ಮಾ, ಎಲ್ಲರೂ ಐವತ್ತು ಮೀಟರ್ ಅಂತ ಬರೀತಾರೆ. ನೀವೂ ಬರೆದುಬಿಡಿ, ನಿಮಗೆ ಕೈ ಮುಗೀತೀನಿ."

"ಅಳೆದಿದ್ದೀನಲ್ಲಪ್ಪ!"

"ಅಳೀರಿ ಅಂತ ಯಾರಮ್ಮ ಹೇಳಿದ್ರು?"

ನಿಜ, ಯಾರೂ ಹೇಳಿರಲಿಲ್ಲ. ಆದರೆ ಒಂಬತ್ತೂವರೆ ಇಂಚನ್ನು ಐವತ್ತು ಮೀಟರ್ ಎಂದು ಬರೆಯುವ ಕೈ ನನ್ನದಾಗಿದ್ದರೆ, ನಾನು ಹೊಲಿದ ಅಂಗಿ ಯಾರ ಮೈಗೆ ಆಗುತ್ತಿತ್ತು?

ಮೊದಲ ಮನವಿಗೆ ತಾವು ಬರೆದಿರಿ: ಪ್ರಾಣಿ ಸಮೀಪಿಸಿದಾಗ ನಡಿಗೆದಾರರು ಹಿಂದೆ ಸರಿಯತಕ್ಕದ್ದು. ನಮ್ಮ ಹಿಂದೆ ಇದ್ದದ್ದು ಸಮುದ್ರ. ಸರಿದಿದ್ದರೆ ನಿಯಮ ಪಾಲನೆಯಾಗುತ್ತಿತ್ತು, ಪರವಾನಗಿ ಉಳಿಯುತ್ತಿತ್ತು, ನಾವು ಉಳಿಯುತ್ತಿರಲಿಲ್ಲ. ಎರಡನೆಯ ಮನವಿ ಹಿಡಿದು ಖುದ್ದಾಗಿ ಬಂದೆ. ತಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆ ಎರಡೂವರೆ ತಾಸು ಕೂತೆ. ಎದುರಿನ ಗೋಡೆಯಲ್ಲಿ ತಮ್ಮ ಇಲಾಖೆಯ ಪೋಸ್ಟರು: ಹುಡುಗಿಯೊಬ್ಬಳು ನೀರುನಾಯಿಗೆ ಮೂಗು ತಾಗಿಸಿ ನಗುತ್ತಿದ್ದಾಳೆ, ಕೆಳಗೆ 'ಪ್ರಕೃತಿಯನ್ನು ಹತ್ತಿರದಿಂದ ನೋಡಬನ್ನಿ'. ಬೇಸರ ಕಳೆಯಲು ಅದನ್ನೂ ಅಳೆದೆ. ಅರ್ಧ ಇಂಚೂ ಇಲ್ಲ. ಆ ಹುಡುಗಿಯ ಪರವಾನಗಿಯ ಗತಿ ಏನಾಯಿತು, ಮಾನ್ಯರೇ?

ಇಷ್ಟಕ್ಕೂ ಮುಂದಿನ ವರ್ಷ ನಡೆದರಾಯಿತಲ್ಲ ಎಂದು ಎರಡನೆಯ ಮನವಿಗೆ ಉತ್ತರಿಸಿದಿರಿ. ಅಣ್ಣನಿಗೆ ಮುಂದಿನ ವರ್ಷವಿಲ್ಲ. ಗಾಬರಿಯಾಗಬೇಡಿ, ಆಯಸ್ಸು ಗಟ್ಟಿಯಾಗಿದೆ, ಕಣ್ಣು ಹೋಗುತ್ತಿದೆ. ಒಂದು ಮೊಳದಾಚೆ ಎಲ್ಲವೂ ಮಂಜು, ಬಣ್ಣ ಮಾತ್ರ ಇನ್ನೂ ತಿಳಿಯುತ್ತದೆ. ವರ್ಷದೊಳಗೆ ಅದೂ ಹೋಗುತ್ತದೆಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಈ ಸಲದ ನಡಿಗೆ ಆ ಚೌಕಿಯಲ್ಲೇ ನಿಂತುಹೋದದ್ದರಿಂದ ನಮಗೆ ಉಳಿದಿರುವುದು ಕೊನೆಯ ಮೂರು ದಿನದ ದಾರಿ. ಅದರ ತುದಿಯಲ್ಲಿ ಕೆಂಪು ಬಂಡೆಗಳು ನೇರವಾಗಿ ನೀಲಿ ನೀರಿಗೆ ಇಳಿಯುತ್ತವಂತೆ. ಅಣ್ಣ ಕ್ಯಾಲೆಂಡರಿನಲ್ಲಿ ಆ ಕೆಂಪನ್ನು ನೋಡಿ ಮೂವತ್ತು ವರ್ಷ ಡಬ್ಬಿಗಳಲ್ಲಿ ಬಣ್ಣ ಕಲಸಿದ್ದಾನೆ, ಒಮ್ಮೆಯೂ ಅದು ಬಂದಿಲ್ಲ. ನಿಜವಾದದ್ದನ್ನು ಒಂದು ಸಲ ನೋಡಬೇಕೆಂಬುದು ಅವನ ಆಸೆ.

ಕಚೇರಿಗೆ ಬಂದ ದಿನ ಇದನ್ನೆಲ್ಲ ಹೇಳಿದಾಗ ತಮ್ಮ ಗುಮಾಸ್ತರು ಕರಗಿದರು. ದನಿ ತಗ್ಗಿಸಿ, "ಮೇಡಂ, ಅಂತರ ಮೂವತ್ತು ಮೀಟರ್ ಇತ್ತು, ಕೈತಪ್ಪಿನಿಂದ ಇಂಚು ಅಂತ ಬರೆದೆ ಅಂತ ಒಂದು ತಿದ್ದುಪಡಿ ಕೊಡಿ. ಇಬ್ಬರದೂ ಸಹಿ ಇರಲಿ. ನಾಳೆಯೇ ಪರವಾನಗಿ" ಎಂದರು. ಒಪ್ಪಿಕೊಳ್ಳುತ್ತೇನೆ, ಆ ಕಾಗದವನ್ನು ನಾನು ಮನೆಗೆ ತಂದೆ. ಸಹಿಯನ್ನೂ ಹಾಕಿದೆ. ಅಣ್ಣನ ಕಣ್ಣಿನ ಮುಂದೆ ನನ್ನ ಟೇಪಿನ ಮಾನ ಯಾವ ಲೆಕ್ಕ? ಅಣ್ಣ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. ಮಡಿಸಿ ನನ್ನ ಕೈಗೇ ಕೊಟ್ಟ.

"ಮೂವತ್ತು ಮೀಟರ್ ಅಂತ ಬರೆದ್ರೆ, ನಾನು ಅದನ್ನ ನೋಡೇ ಇಲ್ಲ ಅಂತಾಯ್ತಲ್ಲೇ."

ನಾನು ಅತ್ತೆ. ಅವನು ಅಳಲಿಲ್ಲ. ನೀರುನಾಯಿಯ ಮೀಸೆಯ ಮೇಲೆ ಏಳು ಹನಿ ನೀರಿತ್ತು, ಎಣಿಸಿದ್ದೇನೆ ಎಂದ.

ಆದ್ದರಿಂದ ತಿದ್ದುಪಡಿಯ ಕಾಗದವನ್ನು ಅಣ್ಣನ ಸಹಿಯ ಜಾಗ ಖಾಲಿಯಿರುವಂತೆಯೇ ಹಿಂದಿರುಗಿಸುತ್ತಿದ್ದೇನೆ. ಗಾಳಿಮಳೆಗೆ ತಾವು ದಾರಿ ಮುಚ್ಚಲು ಇನ್ನು ಹತ್ತೊಂಬತ್ತು ದಿನವಿದೆ. ಅಷ್ಟರೊಳಗೆ ನಮಗೆ ಮೂರು ದಿನದ ಪರವಾನಗಿ ಕೊಡಿ. ದಾರಿಯಲ್ಲಿ ಯಾವ ಪ್ರಾಣಿ ಎದುರಾದರೂ ನಾನು ಬೇಕಾದಷ್ಟು ದೂರ ಓಡುತ್ತೇನೆ, ಬಂಡೆಯಿಂದ ಹಾರು ಎಂದರೂ ಹಾರುತ್ತೇನೆ. ಅಣ್ಣ ಮಾತ್ರ ಕೂತಲ್ಲೇ ಕೂತಿರುತ್ತಾನೆ. ಅವನಿಗೆ ಕಾಣಬೇಕಾದರೆ ಅವು ಹತ್ತಿರವೇ ಬರಬೇಕು.

ಇಂತಿ,
ಅಳೆಯಬಾರದ್ದನ್ನು ಅಳೆದ,
ಟೇಪನ್ನು ಇನ್ನೂ ಕೊರಳಲ್ಲೇ ಇಟ್ಟುಕೊಂಡಿರುವ ದರ್ಜಿ