ಪಡಸಾಲೆಗೆ ಬಂದ ದ್ವಾರಪಾಲಕರು

ಮಣ್ಣೂರ, ತಾ. ಅಫಜಲಪುರ
ರವಿವಾರ, 12 ಜನವರಿ 2025

ಕೂಡಿದ ದೈವವೇ, ಮುಂದೆ ಚಾಪೆಯ ಮೇಲೆ ಕುಳಿತ ತಾಯಂದಿರೇ, ಹಿಂದೆ ಬಂಡಿ ಹತ್ತಿ ನಿಂತ ಹಿರಿಯರೇ, ಗದ್ದಲ ಮಾಡದೆ ಈ ಬಡವನ ಮಾತು ಲಾಲಿಸಬೇಕು.

ಪ್ರೀತಿಯ ತಮ್ಮ ಶಿವರಾಯ, ಮೇಲಿನ ಸಾಲು ನೋಡಿ ನಿನ್ನ ಅತ್ತಿಗೆ ಗೌರಾಬಾಯಿ, "ಒಬ್ಬರಿಗೆ ಬರಿಯೂ ಪತ್ರಕ್ಕ ಇಷ್ಟು ಮಂದಿನ್ನ ಯಾಕ ಕರದೀರಿ?" ಎಂದು ಕೇಳಿದಳು. ಎದುರಿಗೆ ಮಂದಿ ಇರದಿದ್ದರೆ ನನಗೆ ಮಾತು ಹೊರಡುವುದಿಲ್ಲ, ಅದು ನಿನಗೆ ಗೊತ್ತು. ನಿನ್ನ ಮೊಣಕಾಲು ಹೇಗಿದೆ? ಜೇವರ್ಗಿಯ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತೀಯೋ ಅಥವಾ ಬಾಟಲಿಯನ್ನು ಗೋಡೆಯ ಮಾಡಿನಲ್ಲಿಟ್ಟು ನೋಡುತ್ತ ಕೂಡುತ್ತೀಯೋ? ನಿನ್ನ ಮನೆಯಾಕೆ ವಿದ್ಯಾವತಿಯ ಕೆಮ್ಮು ಕಡಿಮೆಯಾಯಿತೇ? ನಾವೆಲ್ಲ ಆರಾಮ ಇದ್ದೇವೆ. ತೊಗರಿ ರಾಶಿಯಾಯಿತು, ಹೊಳೆಯಲ್ಲಿ ನೀರಿದೆ, ನನ್ನ ಹಲ್ಲು ಇನ್ನೂ ಹನ್ನೊಂದು ಉಳಿದಿವೆ. ಫೋನು ಬಿಟ್ಟು ಪತ್ರ ಯಾಕೆಂದರೆ, ಫೋನಿನಲ್ಲಿ ನಾನು ಒದರುತ್ತೇನೆ, ನೀನು ಹೂಂ ಎಂದು ಇಟ್ಟುಬಿಡುತ್ತೀ. ನಮ್ಮ ಮಗಳು ಸಪ್ನಾಳ ಮದುವೆಯಾಗಿ ಎಂಟು ತಿಂಗಳು. ಅಂದಿನಿಂದ ನೀನು ಪಂಚಮಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ಗೊತ್ತಿಲ್ಲದವನ ಪಾತ್ರ ಮಾಡುತ್ತಿದ್ದೆ.

ಈಗ ಸುದ್ದಿ ಕೇಳು. ಕಲಬುರಗಿಯಲ್ಲಿ ಯಾರೋ ಡಾಕ್ಟರು ಮನೆ ಬದಲಿಸುವಾಗ ಮಾರಿದ ಎರಡು ಟವರ್ ಸ್ಪೀಕರುಗಳನ್ನು ನಮ್ಮ ಮಗ ಅರುಣಕುಮಾರ ತಂದ. ನನ್ನ ಎದೆಮಟ್ಟ ಎತ್ತರ, ಕರಿ ಕಟ್ಟಿಗೆ. ಪಡಸಾಲೆಯ ಎರಡು ಬದಿಗೆ ನಿಲ್ಲಿಸಿದರೆ ಥೇಟ್ ರಾಜಸಭೆಯ ದ್ವಾರಪಾಲಕರು. ಅವನು ಶಾಲೆಗೆ ಪಾಠ ಹೇಳಲು ಹೋದ ಮೇಲೆ ನಾನು ಅಟ್ಟ ಹತ್ತಿ ನಮ್ಮ ನಾಟಕದ ಮೈಕ್‌ಸೆಟ್ಟಿನ ಆಂಪ್ಲಿಫಾಯರ್ ಇಳಿಸಿದೆ. ಗಿಡಕ್ಕೆ ಕಟ್ಟಿದ ನಾಲ್ಕು ಕಹಳೆ ಸ್ಪೀಕರುಗಳನ್ನು ಒದರಿಸಿ ಮೂರು ಹಳ್ಳಿ ಎಬ್ಬಿಸಿದ ಯಂತ್ರಕ್ಕೆ ಇವೆರಡು ಯಾವ ಲೆಕ್ಕ ಎಂದುಕೊಂಡೆ. ಕಹಳೆಗೆ ಹಚ್ಚುವ ತಿರುಪಿಗೇ ತಂತಿ ಸುತ್ತಿ ಸ್ವಿಚ್ ಒತ್ತಿದೆ. ಭೀಮಸೇನ ಗದೆ ಎತ್ತಿದಂತೆ ಒಂದು ಘರ್ಜನೆ, ಹಿಂದೆಯೇ ಸುಟ್ಟ ವಾಸನೆ. ನಿನ್ನ ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದು ವಾಯರ್ ಕಿತ್ತಳು. "ಮನಿ ಸುಡೂ ಸೀನ್ ಯಾವ ನಾಟಕದಾಗ ಅದ ರೀ?" ಎಂದಳು.

ಮರುದಿನ ನಾನೂ ಅರುಣನೂ ಸ್ಪೀಕರುಗಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಆಳಂದಕ್ಕೆ ಹೋದೆವು. ಅಲ್ಲಿ ಖಲೀಲ ಎಂಬ ಮೆಕ್ಯಾನಿಕ್ ಇದ್ದಾನೆ, ಬಾಯಿ ಸಣ್ಣದು, ತಲೆ ದೊಡ್ಡದು. ಸ್ಪೀಕರಿನ ಬೆನ್ನು ಬಿಚ್ಚಿ ನೋಡಿ, "ನಸೀಬ ಚಲೋ ಅದ ಚಾಚಾ, ಒಳಗಿನ ಸಣ್ಣ ಸಾಮಾನ ಒಂದೇ ಸುಟ್ಟದ. ನಿಮ್ಮ ಮಷೀನ್ ಬೈಲಾಗ ಒದರೂದಕ್ಕ ಮಾಡಿದ್ದು. ಇವಕ್ಕ ಅದರ ಊಟ ಆಗೂದಿಲ್ಲ" ಎಂದು ಆ ಸುಟ್ಟ ಸಾಮಾನು ಬದಲಿಸಿದ. ಹಾಗಾದರೆ ಸಣ್ಣದು ಹಚ್ಚೋಣ ಎಂದು ನಾನು ಅವನ ಅಂಗಡಿಯ ಅಂಗೈಯಗಲದ ಆಂಪ್ಲಿಫಾಯರ್ ತೋರಿಸಿದೆ. ಅವನು ನಕ್ಕು ಹಚ್ಚಿದ. ಗುಂಡಿ ಕೊನೆಗೆ ತಿರುಗಿಸಿದರೂ ದನಿ ತುಂಬಲಿಲ್ಲ, ಹರಿದ ತಮಟೆಯಂತಾಯಿತು. ಖಲೀಲ ಹೇಳಿದ್ದನ್ನು ನಿನಗಾಗಿ ಹಾಗೆಯೇ ಬರೆಯುತ್ತೇನೆ. "ಇವು ನಾಕ್ ಓಮಿನ ಸ್ಪೀಕರ್. ಕರೆಂಟ್ ಭಾಳ ಎಳೀತಾವ. ಸಣ್ಣದು ದಮ್ಮು ಕಟ್ಟಿ ಒದರಾಕತ್ತಿತಂದ್ರ ಮ್ಯಾಲಿನ ಸಣ್ಣ ಸ್ಪೀಕರ್ ಸುಡ್ತದ. ದಮ್ಮಿದ್ದ ಮಷೀನ್ ತರ್ರಿ, ಸಾವಕಾಶ ಮಾತಾಡಸ್ರಿ."

ನಮ್ಮ ನಾಟಕದ ಮಾಸ್ತರರು ನಮಗೆ ಕಲಿಸಿದ್ದೂ ಇದೇ ಅಲ್ಲವೇ, ಶಿವರಾಯ? ಅರ್ಧ ಉಸಿರು ಎದೆಯಲ್ಲಿ ಉಳಿಸಿಕೊಂಡು ಮಾತಾಡು ಎನ್ನುತ್ತಿದ್ದರು. ನೀನು ಕಲಿತೆ, ನಾನು ಕಲಿಯಲಿಲ್ಲ. ಕಡೆಗೆ ಖಲೀಲ ಒಂದು ಭಾರವಾದ ಹಳೆಯ ಆಂಪ್ಲಿಫಾಯರ್ ಹುಡುಕಿ ಕೊಟ್ಟ, ನಾಲ್ಕು ಓಮಿನ ಸ್ಪೀಕರಿಗೆ ಬದಿಗೆ ಎಂಬತ್ತು ವ್ಯಾಟು ಆರಾಮಾಗಿ ಕೊಡುವಂಥದ್ದು. ಮನೆಗೆ ಬಂದು, ಎರಡು ಸ್ಪೀಕರಿನ ನಡುವೆ ಎಷ್ಟು ಅಂತರವೋ ಅಷ್ಟೇ ದೂರ ಕುರ್ಚಿ ಹಾಕಿದೆವು. ಒಂದು ತತ್ವಪದ ಹಚ್ಚಿ ಗುಂಡಿಯನ್ನು ಕಾಲು ಸುತ್ತು ತಿರುಗಿಸಿದೆ, ಅಷ್ಟೇ. ತಂಬೂರಿಯ ತಂತಿಗೆ ಬೆರಳು ತಾಗುವ ಸಪ್ಪಳವೂ ಕೇಳಿಸಿತು. ಗೌರಾಬಾಯಿ ಹೊರಗೆ ಹೋಗಲಿಲ್ಲ, ಸಜ್ಜೆ ಹಸನು ಮಾಡುತ್ತ ಅಲ್ಲಿಯೇ ಕೂತಳು. ಮನೆಯಲ್ಲಿ ಒಂದು ಸುಖ ಬಂದು ಇಳಿದಂತಿತ್ತು.

ಆಗ ನಮ್ಮ ನಾಟಕದ ಕ್ಯಾಸೆಟ್ಟು ನೆನಪಾಯಿತು. ಮೂವತ್ತೆರಡು ವರ್ಷದ ಹಿಂದೆ ಹವಳಗಾದ ಬಯಲಿನಲ್ಲಿ ಆಟ ನಡೆದಾಗ ತುಂಬಿಸಿಕೊಂಡದ್ದು. ಅರುಣ ಅದನ್ನು ಪೆನ್‌ಡ್ರೈವಿಗೆ ಹಾಕಿಸಿದ್ದ. ಸೆರೆಮನೆಯ ಸೀನು ಬಂತು. ನನ್ನ ಕಥೆ ನಿನಗೆ ಬಾಯಿಪಾಠ. ಪಡದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡಬೇಕಾದ ತಮ್ಮ ದೀಪ ಆರಿಸಿ ಮಲಗಿಬಿಟ್ಟ, ಮಾತು ಮರೆತ ನಾನು ಅಲ್ಲಿಯೇ ನಿಂತು ಸ್ವಂತ ಮಾತು ಕಟ್ಟಿದೆ, ಬೆಳ್ಳಿ ಪದಕ ಗೆದ್ದೆ. ಎಷ್ಟು ಪಂಗತಿಗಳಲ್ಲಿ ಇದನ್ನು ಹೇಳಿ ನಗಿಸಿದ್ದೇನೋ. ಸಪ್ನಾಳ ಮದುವೆಯಲ್ಲಿ ಮೈಕ್ ಹಿಡಿದು ಹೇಳುವಾಗ ನೀನು ಎಲೆಯ ಮುಂದಿನಿಂದ ಮೆಲ್ಲಗೆ, "ಅಣ್ಣಾ, ನಾ ಅವತ್ತ ಮಲಗಿದ್ದಿಲ್ಲ" ಎಂದೆ. ನಾನು, "ನೋಡ್ರಿ, ಗೊರಕಿ ಹೊಡದಾಂವ ಈಗ ಎದ್ದಾನ" ಎಂದೆ. ಇಡೀ ಪಂಗತಿ ನಕ್ಕಿತು. ನೀನು ಕೈ ತೊಳೆದು ಹೊರಟೆ.

ಮೊನ್ನೆ ಆ ಕುರ್ಚಿಯಲ್ಲಿ ಕೂತು ಕೇಳಿದೆ. ಕಹಳೆಯ ಗುಂಯ್‌ಗುಡುವಿಕೆಯಲ್ಲಿ ಇಷ್ಟು ವರ್ಷ ಮುಳುಗಿದ್ದದ್ದು ಎಡಗಡೆಯ ಸ್ಪೀಕರಿನಿಂದ ಬಂತು. ನಿನ್ನ ದನಿ. ಮೊದಲು, "ದೀಪ ಆರೇದ, ಹೆದರಬ್ಯಾಡ ಅಣ್ಣಾ." ಆಮೇಲೆ ಕತ್ತಲೆಯಲ್ಲಿ, ಪುಸ್ತಕವಿಲ್ಲದೆ, ಒಂದೊಂದೇ ಸಾಲು. ನಾನು ಹೇಳುವುದಕ್ಕಿಂತ ಅರ್ಧ ಉಸಿರು ಮೊದಲು ನೀನು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದ ಸಾಲೂ ಮೊದಲು ನಿನ್ನ ಬಾಯಿಂದಲೇ, "ಸಂಕೋಲೆಯನ್ನು ಕೈಗೆ ಹಾಕಿದಿರಿ, ಕಂಠಕ್ಕೆ ಹಾಕಲು ಮರೆತಿರಿ." ಪುಸ್ತಕ ತೆಗೆದು ನೋಡಿದೆ, ಅದರಲ್ಲಿ ಆ ಸಾಲು ಇಲ್ಲ. ಕಟ್ಟಿದವನು ನೀನು. ಬಯಲಿಗೆ ಕೇಳಲೆಂದು ಒದರುತ್ತಿದ್ದ ನನಗೆ ಯಾರ ಮಾತು ಒದರುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಗೌರಾಬಾಯಿ ಸಜ್ಜೆಯ ಮೊರ ಕೆಳಗಿಟ್ಟು, "ಮತ್ತೊಮ್ಮೆ ಹಚ್ರಿ" ಎಂದಳು. ನಾಲ್ಕು ಸಲ ಕೇಳಿದೆವು.

ವಿದ್ಯಾವತಿಗೆ ನನ್ನ ಆಶೀರ್ವಾದ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದ್ದೇವೆ, ನಿನ್ನ ಪಾಲು ಬೇರೆ ಡಬ್ಬಿಯಲ್ಲಿದೆ. ನಿನಗೆ ನೂರು ವರ್ಷ ಆಯುಷ್ಯವಿರಲಿ.

ನಿನ್ನ ಅಣ್ಣ,
ಮಲ್ಲಣ್ಣ

ತಾ.ಕ.: ತಪ್ಪು ನನ್ನದು, ಶಿವರಾಯ. ಪದಕ ನಿನ್ನದು. ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ನಾಳೆ ಭೋಗಿ. ಮುಂಜಾನೆ ಮೊದಲ ಬಸ್ಸಿಗೆ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ಬಂದು, ಇದನ್ನೂ ಪದಕವನ್ನೂ ವಿದ್ಯಾವತಿಯ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ನಿಮ್ಮ ಮನೆಯ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.